ಬೀಗರು ಬರಲಿ ಕತ್ತೆ

ನನ್ನಲ್ಲಿ ಹೇಳಿಕೊಳ್ಳುವಂಥ ಗುಣ ಇರುವುದು ಒಂದೇ, ಅದು ಹಟ. ಹೆಂಡತಿ ಸುಮಂಗಲಾ ಅದನ್ನು ಗುಣವೆಂದು ಒಪ್ಪುವುದಿಲ್ಲ. ಅವಳ ಪ್ರಕಾರ ಅದು ಜಿದ್ದು, ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆಯ ಜೊತೆಗೇ ಬಂದದ್ದು. ಒಮ್ಮೆ ನಾಂಪಲ್ಲಿಯ ಎಕ್ಸಿಬಿಷನ್ನಿನಿಂದ ತರಕಾರಿ ಹೆಚ್ಚುವ ಯಂತ್ರವೊಂದನ್ನು ತಂದೆ. ಮಾರುವವನ ಕೈಯಲ್ಲಿ ಅದು ಗಜ್ಜರಿಯನ್ನು ಹೂವಿನಂತೆ ಕತ್ತರಿಸುತ್ತಿತ್ತು. ಮಿಯಾಪುರದ ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ಕತ್ತರಿಸಿದ್ದು ನನ್ನ ಹೆಬ್ಬೆರಳನ್ನು ಮಾತ್ರ. ಬೇರೆಯವರಾಗಿದ್ದರೆ ಅಟ್ಟಕ್ಕೆ ಎಸೆಯುತ್ತಿದ್ದರು. ನಾನು ಬಾಲಾನಗರದ ಕಾರ್ಖಾನೆಯೊಂದರಲ್ಲಿ ಉಪಕರಣಗಳನ್ನು ಪರೀಕ್ಷಿಸುವ ಎಂಜಿನಿಯರು. ರವಿವಾರಗಳನ್ನೆಲ್ಲ ಅದಕ್ಕೇ ಮುಡಿಪಿಟ್ಟು, ಅಲಗು ಮಸೆದು, ಸ್ಪ್ರಿಂಗ್ ಬದಲಿಸಿ, ಕಡೆಗೂ ಹೂವು ಬರಿಸಿದೆ. ಅಷ್ಟರಲ್ಲಿ ಗಜ್ಜರಿಯ ಕಾಲ ಮುಗಿದಿತ್ತು.

ಇಷ್ಟು ಪೀಠಿಕೆ ಯಾಕೆಂದರೆ ಕತ್ತೆಯ ವಿಷಯ ಹೇಳಬೇಕಾಗಿದೆ. ಮಗಳ ಅತ್ತೆ ಮಾವ, ಅಂದರೆ ನಮ್ಮ ಬೀಗರು, ಊಟಕ್ಕೆ ಬರುವವರಿದ್ದರು. ಸುಮಂಗಲಾ ಆ ಸಂಭ್ರಮವನ್ನು ಎಲ್ಲರಿಗೂ ಹಂಚೋಣವೆಂದು ಮೊಬೈಲಿನ ಮನೆಮಂದಿಯ ಗ್ರೂಪಿನಲ್ಲಿ ‘ನಾಳೆ ಬೀಗರು ಬರಾಕತ್ತಾರ’ ಎಂದು ಬರೆಯಹೋದಳು. ಬರುತ್ತಿದ್ದಾರೆ ಎನ್ನುವುದಕ್ಕೆ ನಮ್ಮ ಉತ್ತರ ಕರ್ನಾಟಕದ ಮಾತು ಅದು. ಅವಳ ಮೊಬೈಲಿನಲ್ಲಿರುವ ಕನ್ನಡ ಕೀಬೋರ್ಡಿಗೆ ಕೇಳದೆಯೇ ತಪ್ಪು ತಿದ್ದುವ ಚಟ, ಮತ್ತು ನಮ್ಮ ಮಾತು ಅದಕ್ಕೆ ಬರುವುದಿಲ್ಲ. ತನಗೆ ತಿಳಿದಷ್ಟು ತಿದ್ದಿ, ಸ್ವತಃ ಬೀಗರೂ ಇದ್ದ ಆ ಗ್ರೂಪಿಗೆ ಅದು ಕಳಿಸಿದ್ದು ಇಷ್ಟು: ‘ನಾಳೆ ಬೀಗರು ಬರಲಿ ಕತ್ತೆ.’

ಬೀಗರು ಬಂದರು, ಉಂಡರು, ಹೋಳಿಗೆಯನ್ನು ಮತ್ತೊಮ್ಮೆ ಹಾಕಿಸಿಕೊಂಡರು. ಯಾರೂ ಚಕಾರ ಎತ್ತಲಿಲ್ಲ. ಹೊರಟು ನಿಂತಾಗ, ಲಿಫ್ಟಿನ ಬಾಗಿಲು ಮುಚ್ಚುವ ಮುಂಚೆ, ಬೀಗರು ಮೆಲ್ಲಗೆ, “ಕತ್ತಿ ಉಂಡು ಹ್ವಾದ್ವು ಅಂತ ಗ್ರೂಪಿನ್ಯಾಗ ಹಾಕ್ರಿ, ಅಕ್ಕಾರ” ಅಂದರು. ಕತ್ತೆಯನ್ನು ಕತ್ತಿ ಎನ್ನುವ ಜನ ನಾವು. ಮೊಬೈಲು ಬೈದದ್ದು ಕೂಡ ಬೆಂಗಳೂರಿನ ಧಾಟಿಯಲ್ಲಿ. ನಾನು ನಕ್ಕುಬಿಟ್ಟೆ. ಸುಮಂಗಲಾ ನಗಲಿಲ್ಲ.

“ಇನ್ನ ಮ್ಯಾಲೆ ನಾ ಕನ್ನಡದಾಗ ಬರಿಯೂದಿಲ್ರಿ” ಅಂದಳು. “ಇಂಗ್ಲಿಷ್ ಅಕ್ಷರದಾಗ ಬರೀತೀನಿ. ಅದರಾಗ ಯಾವ ಕತ್ತೀನೂ ಬರೂದಿಲ್ಲ.” ಮರುದಿನದಿಂದಲೇ ಹಾಗೆ ಶುರುವಾಯಿತು. ಆ ಅಕ್ಷರಗಳಲ್ಲಿ ಕಾಯಿಗೂ ಕೈಗೂ ಒಂದೇ ಕಾಗುಣಿತ; ಪೂಜೆಗೆ ಕೈ ತರಲು ಹೇಳಿದ್ದಾಳೆಂದು ತಿಳಿದು ನಾನು ಖಾಲಿ ಕೈಯಲ್ಲೇ ಬಂದೆ. ಹೊರಗೆ ನಕ್ಕರೂ ನನಗೆ ನಿಜಕ್ಕೂ ಸಂಕಟವಾಗಿತ್ತು. ಧಾರವಾಡದಿಂದ ಬಂದು ಇಲ್ಲಿ ಸರ್ಕಾರಿ ನೌಕರಿ ಮಾಡಿದವರ ಮಗಳು ಅವಳು. ಕನ್ನಡ ಶಾಲೆಗೆ ಹೋದವಳಲ್ಲ. ತಂದೆಯ ಮುಂದೆ ಕೂತು ಅಕ್ಷರ ಕಲಿತವಳು. ತರಕಾರಿ ತೆಲುಗಿನಲ್ಲಿ, ಆಟೋ ಹಿಂದಿಯಲ್ಲಿ ಆಗುವ ಈ ಊರಿನಲ್ಲಿ ಅವಳು ಕನ್ನಡ ಬರೆಯುವ ಜಾಗ ಆ ಮೊಬೈಲೊಂದೇ. ಅದನ್ನೂ ಬಿಟ್ಟಳೆಂದರೆ ಮತ್ತೆ ಹಿಡಿಯುವವಳಲ್ಲ.

ಮಗಳಿಗೆ ಫೋನು ಮಾಡಿ ದುಃಖ ತೋಡಿಕೊಂಡೆ. “ಅಪ್ಪಾ, ಆ ಕೀಬೋರ್ಡ್ ಓಪನ್ ಸೋರ್ಸ್ ಐತಿ” ಅಂದಳು. “ಯಾರ್ ಬೇಕಾದ್ರೂ ಕೋಡ್ ತಿದ್ದಿ ಕಳಸಬಹುದು. ಅದನ್ನ ನೋಡ್ಕೊಳ್ಳಾವ್ರು ಒಪ್ಪಿದ್ರ ಸೇರಿಸ್ಕೋತಾರ. ನೀವ ತಿದ್ರಿ.” ಅಂದರೆ ಊರವರು ಸೇರಿ ತೋಡಿದ ಬಾವಿಯಂತೆ, ಯಾರು ಬೇಕಾದರೂ ಹೂಳೆತ್ತಬಹುದು, ಆದರೆ ಮೇಲೆ ಹಗ್ಗ ಹಿಡಿದು ನಿಂತವರು ಒಪ್ಪಬೇಕು. ನನ್ನ ಹಟಕ್ಕೆ ಇಷ್ಟು ಸಾಕಾಯಿತು. ಕಾರ್ಖಾನೆಗೆ ಹೋಗಿಬರುವ ಮೆಟ್ರೋದಲ್ಲಿ ಆ ಕೋಡನ್ನು ಮೊಬೈಲಿನಲ್ಲಿ ಓದತೊಡಗಿದೆ. ಇಳಿಯುವ ಸ್ಟೇಷನ್ನು ದಾಟಿ ಮುಂದೆ ಹೋಗುವುದೂ ರೂಢಿಯಾಯಿತು.

ಅಲ್ಲಿ ಸ್ವಂತ ಹೆಸರಿನಲ್ಲಿ ಓಡಾಡುವವರು ಕಡಿಮೆ. ಹಗ್ಗ ಹಿಡಿದು ನಿಂತವರ ಹೆಸರು ‘ತಟ್ಟೆಇಡ್ಲಿ’. ಯಾವ ಕಡೆಯವರೆಂದು ಬೇರೆ ಹೇಳಬೇಕಿಲ್ಲ. ನಾನೂ ಬಿಡಬಾರದೆಂದು ‘ಖಡಕ್‌ರೊಟ್ಟಿ’ ಎಂದು ಹೆಸರಿಟ್ಟುಕೊಂಡೆ. ‘ಬರಾಕತ್ತಾರ’ದಂಥ ಮಾತನ್ನು ಕೀಬೋರ್ಡು ಮುಟ್ಟಬಾರದೆಂದು ಮೊದಲ ತಿದ್ದುಪಡಿ ಕಳಿಸಿದೆ. ನಾನು ಬರೆದದ್ದು ನಾಲ್ಕಾರು ಸಾಲು. ಆದರೆ ನನ್ನ ಕಂಪ್ಯೂಟರು ಇಡೀ ಕಡತದ ಪ್ರತಿ ಸಾಲಿನ ಮುಂದಿನ ಖಾಲಿ ಜಾಗವನ್ನೂ ತನ್ನಿಷ್ಟದಂತೆ ಸರಿಪಡಿಸಿಬಿಟ್ಟಿತ್ತು. ತಟ್ಟೆಇಡ್ಲಿಯವರು ಬರೆದರು: ‘ಒಂದು ಮೊಳೆ ಹೊಡೆಯಲು ಇಡೀ ಮನೆಗೆ ಸುಣ್ಣ ಬಳಿದಿದ್ದೀರಿ. ಯಾವುದು ಮೊಳೆ ಎಂದು ಹುಡುಕಲಾಗುತ್ತಿಲ್ಲ.’ ಸುಣ್ಣ ಕೆರೆದು ಮತ್ತೆ ಕಳಿಸಿದೆ. ಈ ಸಲ ಉತ್ತರ, ‘ಇದು ಆಡುಮಾತು. ನಮ್ಮಲ್ಲಿ ಶಿಷ್ಟ ಕನ್ನಡಕ್ಕೆ ಮಾತ್ರ ಅವಕಾಶ.’

ಶಿಷ್ಟ ಎಂಬ ಮಾತು ಓದಿ ನನ್ನ ರಾಯಚೂರಿನ ರಕ್ತ ಕುದಿಯಿತು. ಸುಮಂಗಲಾ ಚಹಾ ತಂದವಳು, “ಯಾರ ಜೋಡಿ ಜಗಳಾ ಮಾಡ್ಲಿಕತ್ತೀರಿ?” ಅಂದಳು. “ಮರ್ಜ್ ಮಾಡ್ಕೊಳ್ಳವಲ್ರು” ಅಂದೆ. ಒಪ್ಪಿದ ಕೋಡನ್ನು ಒಳಗೆ ಸೇರಿಸಿಕೊಳ್ಳುವುದಕ್ಕೆ ಆ ಲೋಕದಲ್ಲಿ ಮರ್ಜ್ ಎನ್ನುತ್ತಾರೆ. ಅವಳು ನಿಟ್ಟುಸಿರು ಬಿಟ್ಟು, “ಹ್ಯಾಂಗ ಮಾಡ್ಕೋತಾರ್ರಿ, ಅವರ ಮರ್ಜಿ” ಅಂದು ಒಳಗೆ ಹೋದಳು. ಆ ಪದ್ಧತಿಯನ್ನು ಇದಕ್ಕಿಂತ ಚೆನ್ನಾಗಿ ವಿವರಿಸಿದವರನ್ನು ನಾನು ಕಂಡಿಲ್ಲ.

ನಾನು ಬಿಡಲಿಲ್ಲ. ‘ಸ್ವಾಮಿ, ಕೀಬೋರ್ಡು ಇರುವುದು ಜನ ಬರೆಯಲಿ ಎಂದು, ಪರೀಕ್ಷೆಗೆ ಕೂರಲಿ ಎಂದಲ್ಲ. ಕತ್ತೆ ಶಿಷ್ಟ ಪದವೇ ಇರಬಹುದು. ಆದರೆ ಅದನ್ನು ನನ್ನ ಬೀಗರ ಪಕ್ಕ ಕೂರಿಸುವುದು ಶಿಷ್ಟಾಚಾರವಲ್ಲ’ ಎಂದು ಬರೆದು, ನಡೆದದ್ದೆಲ್ಲವನ್ನೂ ತಿಳಿಸಿದೆ. ಕೆಲವು ದಿನಗಳ ಮೇಲೆ ಉತ್ತರ ಬಂತು: ‘ನಮ್ಮ ಮನೆಯಲ್ಲಿ ಎಲ್ಲರೂ ನಕ್ಕರು. ಸೇರಿಸೋಣ. ಆದರೆ ಕ್ರಿಯಾಪದದ ಎಲ್ಲ ರೂಪಗಳಿಗೂ ಪರೀಕ್ಷೆ ಬರೆದು ಕೊಡಿ.’ ಪರೀಕ್ಷೆ ಎಂದರೆ ನನ್ನ ಹೊಟ್ಟೆಪಾಡು. ಬರಾಕತ್ತೀನಿ, ಹೋಗಾಕತ್ತಾನ, ಉಣ್ಣಾಕತ್ತೀವಿ ಎಂದು ನಮ್ಮ ಅವ್ವನ ಬಾಯಲ್ಲಿ ಕೇಳಿದ್ದನ್ನೆಲ್ಲ ಬರೆದು, ಕೀಬೋರ್ಡು ಅವನ್ನು ತಿದ್ದದೆ ಬಿಡುತ್ತದೆಯೇ ಎಂದು ನೋಡಿ ಕಳಿಸಿದೆ. ‘ಈ ಮಾತಾಡುವವರ ಹತ್ತಿರ ಒಮ್ಮೆ ಕೇಳಿ ಖಚಿತಪಡಿಸಿಕೊಂಡಿರಾ?’ ಎಂದು ತಟ್ಟೆಇಡ್ಲಿ ವಿಚಾರಿಸಿದರು. ‘ಮಾತಾಡುವವನು ನಾನೇ’ ಎಂದು ಎದೆಯುಬ್ಬಿಸಿ ಉತ್ತರ ಕೊಟ್ಟೆ.

ಮರ್ಜ್ ಆಯಿತು. ಹೊಸ ಕೀಬೋರ್ಡು ಅವಳ ಮೊಬೈಲಿಗೆ ಇಳಿದ ದಿನ, ಅವಳಿಗೆ ಚಹಾ ನಾನೇ ಮಾಡಿದೆ. “ಸುಮಾ, ಇನ್ನ ಅಂಜಬ್ಯಾಡ. ಕನ್ನಡದಾಗ ಏನರೆ ಬರಿ” ಅಂದೆ. ಅವಳು ಕನ್ನಡಕ ಏರಿಸಿ, ತಾನು ಅಡುಗೆ ಮಾಡುತ್ತಿರುವುದನ್ನು ಮಗಳಿಗೆ ತಿಳಿಸಲು ಒಂದೊಂದೇ ಅಕ್ಷರ ಒತ್ತಿದಳು. ನಾನು ಬಗ್ಗಿ ನೋಡಿದೆ. ‘ಅಡುಗೆ ಮಾಡಲಿ ಕತ್ತೆ’ ಎಂದಿತ್ತು.

ಮೊಬೈಲು ಕಸಿದುಕೊಂಡು ನಾನೇ ‘ಮಾಡಾಕತ್ತೀನಿ’ ಎಂದು ಒತ್ತಿದೆ. ಕಲ್ಲಿನಂತೆ ನಿಂತಿತು. “ನೋಡಿಲ್ಲೆ, ಬರಾಕತ್ತೈತಿ. ನೀನ ತಪ್ಪು ಒತ್ತೀದಿ” ಅಂದೆ.

“ನಾ ಒತ್ತಿದ್ದು ಸರಿ ಅದರಿ” ಅಂದಳು ಸುಮಂಗಲಾ. “ಮಾಡ್ಲಿಕತ್ತೀನಿ ಅಂತ ಒತ್ತೀನಿ. ಮಾಡಾಕತ್ತೀನಿ ಅನ್ನೂದು ನಿಮ್ಮ ರಾಯಚೂರ ಕಡೀ ಮಾತು. ನಾ ಯಾವತ್ತರೆ ಹಂಗ ಅಂದದ್ದು ಕೇಳೀರೇನು?”

ಕೇಳಿದ್ದೆ. ದಿನಾ ಕೇಳಿದ್ದೆ. ಅವಳು ಅಂದಿರಲಿಲ್ಲ, ಅಷ್ಟೇ. ಬೀಗರ ದಿನವೂ ಅವಳು ಒತ್ತಿದ್ದು ‘ಬರ್ಲಿಕತ್ತಾರ’ ಎಂದೇ. ಆ ‘ಬರಲಿ’ ಎಲ್ಲಿಂದ ಬಂತೆಂದು ಉಪಕರಣ ಪರೀಕ್ಷಿಸುವ ಈ ಎಂಜಿನಿಯರಿಗೆ ಹೊಳೆದಿರಲಿಲ್ಲ. ಇನ್ನು ಮೊಬೈಲನ್ನು ಬೈಯುವ ಮುಖ ನನಗಿರಲಿಲ್ಲ. ಅವಳು ಒಂದು ಆಡಿದರೆ ಅದನ್ನು ತನಗೆ ತಿಳಿದಂತೆ ತಿದ್ದಿಕೊಳ್ಳುವ ಯಂತ್ರ ಮದುವೆಯಾದಾಗಿನಿಂದ ಅವಳ ಎದುರಿಗೇ ಕೂತು ಉಣ್ಣುತ್ತಿತ್ತು.

ನಾಚಿಕೆಯಾಯಿತು. ಆದರೂ ಹಟ ಎಲ್ಲಿ ಹೋಗುತ್ತದೆ? ಕಂಪ್ಯೂಟರು ತೆರೆದು, ಪಕ್ಕದಲ್ಲಿ ಅವಳಿಗೊಂದು ಕುರ್ಚಿ ಹಾಕಿದೆ. “ಹೇಳು, ಒಂದೊಂದ ಹೇಳು. ನಾ ಬರಕೊಳ್ಳಾಕತ್ತೀನಿ” ಅಂದೆ.

“ಬರಕೊಳ್ಳಿಕತ್ತೀನಿ ಅನ್ರಿ” ಅಂದಳು.

ಅಂದೆ.