ಗುಡ್ಡಕ್ಕೆ ಹೊತ್ತ ಕಲ್ಲು

ಅದು ಗುರುವಾರ. ನಾನು ಶಾಲೆಯಲ್ಲಿ ಏಳನೇ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ. ಬೈಲಹೊಂಗಲದ ಪೇಟೆಯಲ್ಲಿ ನಮ್ಮದು ಕಬ್ಬಿಣ, ಹಗ್ಗ ಮಾರುವ ಅಂಗಡಿ. ಅಲ್ಲಿ ನನ್ನ ಗಂಡ ಯಾರಿಗೋ ಅರ್ಧ ಕಿಲೋ ಮೊಳೆ ತೂಗಿ ಕೊಟ್ಟು ಸ್ಟೂಲಿನ ಮೇಲೆ ಕುಳಿತರು. ಮತ್ತೆ ಏಳಲಿಲ್ಲ. ಹದಿನಾಲ್ಕು ವರ್ಷ ಬಂಡೆ ಹತ್ತಿದವರು, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಹೋದರು.

ಮಾತಾಡಿಸಲು ಬಂದವರು ಗಂಭೀರವಾಗಿಯೇ ಕೂರುತ್ತಿದ್ದರು. ಐದು ನಿಮಿಷಕ್ಕೆ ಒಬ್ಬರು ಬಂಡೆಯ ಸುದ್ದಿ ತೆಗೆಯುವರು, ಇನ್ನೊಬ್ಬರು ನಗುವರು, ಆಮೇಲೆ ನನ್ನ ಕಡೆ ನೋಡಿ ಬಾಯಿಗೆ ಸೆರಗು ಹಿಡಿಯುವರು. ನಗಬಹುದು. ಗುಡ್ಡಕ್ಕೆ ಹೋಗುವ ಗಂಡ ಹೆಂಡತಿಗೆ ಇಂಥವು ಆಗುತ್ತಲೇ ಇರುತ್ತವೆ. ನೆನಪಿದ್ದಷ್ಟನ್ನು, ಇದ್ದ ಹಾಗೆ ಬರೆದಿದ್ದೇನೆ.

೧. ವಿಚಾರಣೆ

ತೊರಗಲ್ ಕೋಟೆಯ ಗುಡ್ಡ. ಇವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುತ್ತಿದ್ದರು. ಹಗ್ಗದ ಇನ್ನೊಂದು ತುದಿ ಕೆಳಗೆ ನನ್ನ ಕೈಯಲ್ಲಿ. ಇವರು ಜಾರಿದರೆ ಹಿಡಿಯುವುದು ನನ್ನ ಕೆಲಸ. ಹೊಲದಿಂದ ಬುಟ್ಟಿ ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ನಿಂತಳು.

“ಯಾರ್ರಿ ಅಂವಾ?”

“ನಮ್ಮ ಮನಿಯವರು.”

“ಅದು ಗೊತ್ತಾತ್ರಿ. ಏನ್ ಮಾಡ್ಯಾನ?”

“ಏನೂ ಮಾಡಿಲ್ಲ.”

ಅವಳು ಹಗ್ಗವನ್ನು ಕೆಳಗಿನಿಂದ ಮೇಲಿನ ತನಕ ಒಮ್ಮೆ ನೋಡಿದಳು.

“ಏನೂ ಮಾಡಲಾರದವಗ ಹಿಂಗ ಕಟ್ಟೀರಿ. ಮಾಡಿದ್ರ ಏನ್ ಮಾಡ್ತಿದ್ರಿ ಯಕ್ಕಾ?”

೨. ತೂಕ

ಸವದತ್ತಿಯಿಂದ ಮನೋಳಿಯ ಕಡೆಗೆ, ಮಲಪ್ರಭೆ ಕಾಣುವ ಒಂದು ಬಂಡೆ ನಮ್ಮ ಭಾನುವಾರದ ಬಂಡೆ. ಇವರು ಎಪ್ಪತ್ತೆಂಟು ಕಿಲೋ, ನಾನು ನಲವತ್ತೊಂಬತ್ತು. ಒಮ್ಮೆ ಇವರು ಜಾರಿದರು. ಹಗ್ಗ ಮೇಲೆ ಬಂಡೆಗೆ ಹೊಡೆದ ಕೊಂಡಿಯಲ್ಲಿ ಹಾಯ್ದು ನನ್ನ ಸೊಂಟಕ್ಕೆ ಬಂದಿತ್ತು. ಇವರು ಕೆಳಗೆ ಬಂದರು, ನಾನು ಮೇಲೆ ಹೋದೆ. ನಡುವೆ ಮುಖಾಮುಖಿ ತೂಗಾಡಿದೆವು.

“ತಕ್ಕಡಿ ಖರೇ ಹೇಳತೈತಿ ನೋಡು,” ಅಂದರು.

ಮುಂದಿನ ಭಾನುವಾರಕ್ಕೆ ಅಂಗಡಿಯಲ್ಲಿ ಮೂರು ಕಲ್ಲು ಸಿದ್ಧವಾಗಿದ್ದವು. ಮಣೆಯಂಥ ಚಪ್ಪಟೆ ಕಲ್ಲುಗಳು. ಒಂದೊಂದನ್ನೂ ತೂಗಿ, ಅಂಚು ಒಡೆದು, ಮತ್ತೆ ತೂಗಿ, ಕೆಂಪು ಬಣ್ಣದಲ್ಲಿ ‘೧೦ ಕಿಲೋ’ ಎಂದು ಬರೆದಿದ್ದರು. ಚೀಲಕ್ಕೆ ಹಾಕಿ ನನ್ನ ಸೊಂಟಕ್ಕೆ ಕಟ್ಟುವುದಂತೆ.

“ಗುಡ್ಡದಾಗ ಕಲ್ಲಿಗೆ ಬರಾ ಏನ್ರಿ?” ಅಂದೆ.

“ಅಲ್ಲೀ ಕಲ್ಲು ಯಾರು ತೂಗಿ ಇಟ್ಟಾರ?”

ಸವದತ್ತಿಯ ಹೊರಗೆ ಪೊಲೀಸರು ಗಾಡಿ ನಿಲ್ಲಿಸಿದರು.

“ಚೀಲದಾಗ ಏನೈತ್ರಿ?”

“ಕಲ್ಲ್ರಿ,” ಅಂದರು ಇವರು.

“ಎಲ್ಲಿಗೆ ಒಯ್ಯಾಕತ್ತೀರಿ?”

“ಗುಡ್ಡಕ್ರಿ.”

ಪೊಲೀಸ್ ಒಂದು ಕಲ್ಲು ಹೊರತೆಗೆದು ತಿರುವಿ ನೋಡಿದ. ಆಮೇಲೆ ಇವರನ್ನು ಬಿಟ್ಟು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಅಕ್ಕೋರ, ಮನ್ಯಾಗ ಹಿರ್ಯಾರು ಯಾರೂ ಇಲ್ಲೇನ್ರಿ?”

ಐದು ವರ್ಷದ ಮೇಲೆ ಒಂದು ಭಾನುವಾರ ನೋಡಿದರೆ ಚೀಲದಲ್ಲಿ ಒಂದೇ ಕಲ್ಲು. ಉಳಿದೆರಡು ಎಲ್ಲಿ ಎಂದೆ.

“ಇನ್ನ ಬೇಕಾಗಂಗಿಲ್ಲ. ಈಗ ನೀನ ಸಾಕಾಗ್ತಿ.”



೩. ಆಡು

ಭಾನುವಾರದ ಬಂಡೆಯಲ್ಲಿ ಇವರು ತುದಿ ಮುಟ್ಟಿ ಅಲ್ಲಿದ್ದ ಬೇವಿನ ಗಿಡಕ್ಕೆ ಹಗ್ಗ ಬಿಗಿದರೆ ನನ್ನ ಕೆಲಸ ಮುಗಿಯಿತು. ನಾನು ನೆರಳಲ್ಲಿ ಕುಳಿತು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದೆ. ಮೇಲಿನಿಂದ ಕೂಗು ಬರುತ್ತಿತ್ತು: “ಅಕ್ಕೋರ! ಹಿಂದ ದಾರಿ ಐತಿ, ಹತ್ತ ನಿಮಿಷ. ಬಾ, ಹೊಳಿ ಕಾಣತೈತಿ!”

“ಮುಂದಿನ ವಾರ!” ಅನ್ನುತ್ತಿದ್ದೆ. ತಿದ್ದಲು ಯಾವಾಗಲೂ ಏನಾದರೂ ಇರುತ್ತಿತ್ತು.

ಒಂದು ದಿನ ಹಾಗೆ ಕೂಗಿ ತಿರುಗುವಷ್ಟರಲ್ಲಿ ಅಲ್ಲಿ ಆಡು ಮೇಯಿಸುವ ಮುದುಕಿಯ ಒಂದು ಆಡು ನೋಟ್‌ಬುಕ್ ಒಂದನ್ನು ಅರ್ಧ ತಿಂದಿತ್ತು. ಇಪ್ಪತ್ತು ವರ್ಷ ಇಂಥ ನೆಪ ಹೇಳಿದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಸೋಮವಾರ ನಾನೇ ತರಗತಿಯಲ್ಲಿ ನಿಂತು ಹೇಳಿದೆ: “ನೋಟ್‌ಬುಕ್ಕನ್ನು ಆಡು ತಿಂದಿತು.”

ಹಿಂದಿನ ಬೆಂಚಿನಿಂದ ಒಂದು ಹುಡುಗಿ, ಬಹಳ ಮರ್ಯಾದೆಯಿಂದ: “ಟೀಚರ್, ನಾಳೆ ಪಾಲಕರನ್ನ ಕರಕೊಂಡ ಬರ್ರಿ.”

೪. ಮುಂದಿನ ವಾರ

ಇವರು ಹೋಗಿ ಮೂರು ತಿಂಗಳಿಗೆ, ಒಂದು ಭಾನುವಾರ, ಬಸ್ಸು ಹಿಡಿದು ಆ ಬಂಡೆಗೆ ಹೋದೆ. ನೋಟ್‌ಬುಕ್ ಒಯ್ಯಲಿಲ್ಲ. ಮುದುಕಿ ಆಡುಗಳ ನಡುವೆ ಕುಳಿತಿದ್ದಳು.

“ಎಲ್ಲಿ, ನಿಮ್ಮ ಹಗ್ಗದ ಮನಷ್ಯಾ?”

ಹೇಳಿದೆ. ಅವಳು ಕೋಲು ಹಿಡಿದು ಎದ್ದು “ಬರ್ರಿ” ಎಂದು ಹಿಂದಿನ ದಾರಿ ಹಿಡಿದಳು. ಅರ್ಧ ದಾರಿಯಲ್ಲಿ ಅವಳ ಹೆಗಲು ಕುಲುಕತೊಡಗಿತು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು.

“ತಪ್ಪ ತಿಳೀಬ್ಯಾಡ್ರಿ ಅಕ್ಕೋರ. ಒಮ್ಮಿ ನಿಮ್ಮನ್ನ ಬಿಟ್ಟು ಒಬ್ಬರ ಬಂದಿದ್ರು. ಇದ ದಾರೀಲೆ ಎರಡ ಸಲ ಏರಿ ಇಳದ್ರು, ಏದುಸಿರ ಬಿಟಗೋತ. ಹೆಗಲ ಮ್ಯಾಲೆ ಏನಂತೀರಿ? ಕಲ್ಲು! ‘ಯಪ್ಪಾ, ಗುಡ್ಡದಾಗ ಇರೂದ ಕಲ್ಲು, ಮತ್ತ ಊರಿಂದ್ಯಾಕ ತಂದೀ?’ ಅಂದೆ.”

“ಏನಂದ್ರು?”

“‘ಇವು ತೂಗಿದ್ದು, ಯಮ್ಮಾ’ ಅಂದ್ರು!”

ಅವಳು ಕೋಲು ಊರಿ ನಿಂತು ನಕ್ಕಳು. ನಾನೂ ನಕ್ಕೆ, ಉಸಿರು ಕಟ್ಟುವಷ್ಟು. ತುದಿ ಮುಟ್ಟಲು ಹನ್ನೊಂದು ನಿಮಿಷ ಹಿಡಿಯಿತು.

ಬೇವಿನ ಗಿಡದ ಬುಡದಲ್ಲಿ, ಹೊಳೆಯ ಕಡೆಗೆ, ‘೧೦ ಕಿಲೋ’ ಎಂದು ಬರೆದ ಕಲ್ಲುಗಳೆರಡು ಕೂರಲು ಮಣೆ ಹಾಕಿದ ಹಾಗೆ ಪಕ್ಕಪಕ್ಕದಲ್ಲಿದ್ದವು.