ಬೂದಿ ನುಂಗಿದ ಯಂತ್ರ

ವಿದ್ಯುತ್ತಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ನಾನು ಎಲೆಕ್ಟ್ರಿಕಲ್ ಸೂಪರ್‌ವೈಸರ್. ಹನ್ನೆರಡು ಜನ ವೈರ್‌ಮನ್‌ಗಳನ್ನು ದಿನವೂ ಬೈಯುವ ಅಧಿಕಾರವಿತ್ತು. ಹೊಸ ಯಂತ್ರ ಕೂಡಿಸಲು ಬಂದಿದ್ದ ಪರದೇಶದ ಎಂಜಿನಿಯರ್ ಊರಿಗೆ ಹೊರಟಾಗ, ಯಾರಿಗೂ ಬೇಡವಾದ ಅವನ ಪಾತ್ರೆ ತೊಳೆಯುವ ಯಂತ್ರವನ್ನು ನಾನೇ ಮನೆಗೆ ಹೊರಿಸಿಕೊಂಡು ಬಂದೆ.

ಕಾರಣವಿತ್ತು. ನನ್ನ ಹೆಂಡತಿ ಮಹಾದೇವಿಯ ಕೈಗಳು ಒಡೆದು ರಕ್ತ ಜಿನುಗುತ್ತಿತ್ತು. ಒಂದು ತಿಂಗಳು ನೀರು, ಬೂದಿ ಮುಟ್ಟಕೂಡದು, ಮುಟ್ಟಿದರೆ ಮುಂದೆ ಬೆರಳು ಮಡಚಲಿಕ್ಕೂ ಬರಲಾರದು ಎಂದು ಶಹಾಬಾದಿನ ಡಾಕ್ಟರು ಎಚ್ಚರಿಸಿದ್ದರು.

"ಇನ್ನ ನೀ ಭಾಂಡಿ ಮುಟ್ಟಬ್ಯಾಡ. ಆರಾಮ ಕುಂದ್ರು," ಎಂದೆ. ಪಾಪ, ನಂಬಿದಳು.

ಯಂತ್ರಕ್ಕೆ ಹಾಕುವ ಪುಡಿ ನಾಲ್ಕೇ ದಿನಕ್ಕೆ ಮುಗಿಯಿತು. ವಾಡಿಯಲ್ಲಿ ಅದು ಎಲ್ಲಿ ಸಿಗಬೇಕು? ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಸೋಸಿ ಹಾಕಿದೆ. ಹಿತ್ತಾಳೆ ಹೊಳೆಯಲೆಂದು ಒಂದು ಉಂಡೆ ಹುಣಸೆಹಣ್ಣನ್ನೂ ಒಳಗಿಟ್ಟೆ.

"ಅದಕ ಹುಣಚಿಹಣ್ಣ ಯಾಕ್ರೀ?" ಎಂದಳು ಮಹಾದೇವಿ.

"ನಮ್ಮ ಭಾಂಡಿ ಬಗ್ಗೆ ಪರದೇಶದವರಿಗಿ ಏನ್ ಗೊತ್ತದ?"

ಬೂದಿ ಹಾಕತೊಡಗಿದ ಮೂರನೆಯ ದಿನ ಯಂತ್ರದ ಬಾಗಿಲು ಮುಟ್ಟಿದೆ. ಮೊಣಕೈವರೆಗೆ ಶಾಕ್! ಮೋಟಾರಿನ ದೋಷವೆಂದು ತೀರ್ಮಾನಿಸಿ, ಡ್ಯೂಟಿ ಮುಗಿಸಿ ಬಂದು ದಿನವೂ ಅದನ್ನು ಬಿಚ್ಚುತ್ತ ಜೋಡಿಸುತ್ತ ಮೂರು ವಾರ ಕಳೆದೆ. ಕೊನೆಗೆ ನಾಲ್ಕು ಸ್ಕ್ರೂ ಉಳಿದವು. ಪರದೇಶದವರು ಹೆಚ್ಚಿಗೆ ಹಾಕಿದ್ದಾರೆ ಎಂದುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಸ್ವಿಚ್ ಹಾಕಿದರೆ ಫ್ಯೂಸ್ ಹೋಯಿತು. ಕಟ್ಟಿದೆ, ಮತ್ತೆ ಹೋಯಿತು. ಆಗ, ಯಾವ ತಪ್ಪಿಗೆ ವೈರ್‌ಮನ್‌ಗಳಿಗೆ ಮೆಮೊ ಕೊಡುತ್ತಿದ್ದೆನೋ ಅದನ್ನೇ ಮಾಡಿದೆ: ಫ್ಯೂಸಿಗೆ ಸುಲಭವಾಗಿ ಸುಡದ ದಪ್ಪ ತಂತಿ ಕಟ್ಟಿದೆ. ನಮ್ಮ ಮನೆಯ ಫ್ಯೂಸ್ ಹೋಗಲಿಲ್ಲ. ನಮ್ಮ ಕ್ವಾರ್ಟರ್ಸಿನ ಇಡೀ ಸಾಲಿನದು ಹೋಯಿತು. ಆ ಬಿಸಿಲಿನಲ್ಲಿ ಹದಿನಾರು ಮನೆಯ ಫ್ಯಾನು ನಿಂತವು, ಹದಿನಾರು ಮನೆಯವರೂ ನಮ್ಮ ಅಂಗಳಕ್ಕೆ ಬಂದರು.

ಎಲ್ಲರಿಗಿಂತ ಹೆಚ್ಚು ನನ್ನಿಂದ ಬೈಸಿಕೊಂಡ ವೈರ್‌ಮನ್ ಇಸ್ಮಾಯಿಲ್ ಬಂದು ಯಂತ್ರದ ತಳ ಬಿಚ್ಚಿದ. ಬೂದಿ, ಹುಣಸೆ ಸೇರಿ ಜಾಲರಿ ಕಟ್ಟಿಕೊಂಡು, ಉಕ್ಕಿದ ನೀರು ವೈರುಗಳ ಮೇಲೆ ಇಳಿದಿತ್ತು. ಮೋಟಾರಿಗೆ ಏನೂ ಆಗಿರಲಿಲ್ಲ, ನಾನು ಬಿಚ್ಚುವವರೆಗೆ.

ಗಟ್ಟಿಯಾದ ಹೆಂಟೆಯೊಂದನ್ನು ಎತ್ತಿ ಹಿಡಿದು, "ಸಾಬ್, ಇದರಾಗೂ ಸಿಮೆಂಟ್ ತಯಾರಾಗ್ಯದ ನೋಡ್ರಿ," ಎಂದ. ಅಂಗಳವೆಲ್ಲ ನಕ್ಕಿತು.

ನಾನು ಗಂಭೀರವಾಗಿ ಹೆಂಡತಿಗೆ, "ಇನ್ನೊಂದು ಎಂಟು ದಿನ ತಡಿ. ಮೋಟಾರ್ ರಿಪೇರಿ ಮಾಡಿಸ್ಕೊಂಡು ಬರ್ತೀನಿ," ಎಂದೆ.

ಅವಳು ಇಸ್ಮಾಯಿಲನಿಗೆ ಚಹಾ ಕೊಡುತ್ತಿದ್ದಳು. ಅವನ ಕಣ್ಣು ಅವಳ ಕೈ ಮೇಲೆ ಬಿತ್ತು.

"ಅಕ್ಕಾ, ಕೈ ಹಿಂಗ್ಯಾಕ ಆಗ್ಯಾವರಿ? ಮಷೀನ್ ಕೆಟ್ಟ ಮ್ಯಾಲ ಭಾಂಡಿ ಯಾರು ತಿಕ್ಕಾಕತ್ತಾರ?"

"ನಾನೇ ತಿಕ್ಕಾಕತ್ತೀನಿ," ಎಂದಳು. "ಅವರು ಮಷೀನ್ ರಿಪೇರಿ ಮಾಡಾಕತ್ತಾರಲ್ಲ."

ಈಗ ಯಾರೂ ನಗಲಿಲ್ಲ. ಆ ಮನೆಯಲ್ಲಿ ಪಾತ್ರೆ ತಿಕ್ಕಬಲ್ಲ ಇನ್ನೂ ಎರಡು ಕೈಗಳಿದ್ದವು ಎಂಬುದು ಮೂರು ವಾರವಾದರೂ ಸೂಪರ್‌ವೈಸರ್ ಸಾಹೇಬರ ತಲೆಗೆ ಹೊಳೆದಿರಲಿಲ್ಲ.

ಅವಳ ಎರಡು ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಈಗ ಪಾತ್ರೆ ತಿಕ್ಕುವವನು ನಾನೇ. ಅವಳು ಅವನ್ನು ಒಮ್ಮೆ ತಿರುಗಿಸಿ ನೋಡುತ್ತಾಳೆ. ನಾನು ಡ್ಯೂಟಿಗೆ ಹೋದ ಮೇಲೆ ಮತ್ತೊಮ್ಮೆ ತಿಕ್ಕುತ್ತಾಳೆ.