ಕೋವಿಯ ಗಜಕ್ಕೆ ಅಭ್ಯಂಜನ

ಅಂದು ಶನಿವಾರ. ಎಂದಿನಂತೆ ಎದ್ದು ಫಿಲ್ಟರಿಗೆ ಬಿಸಿನೀರು ಸುರಿದೆ. ಬಾಲ್ಕನಿಯ ತುಳಸಿಗೆ ನೀರು ಹನಿಸಿದೆ. ಡಚ್ಚರ ಊರಾದ ಈ ಆಮರ್ಸ್‌ಫೋರ್ಟಿನ ಗಾಳಿಗೆ ಆ ತುಳಸಿ ಎಲೆಗಿಂತ ಕಡ್ಡಿಯನ್ನೇ ಹೆಚ್ಚು ಬಿಡುತ್ತದೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ. ಇಷ್ಟು ಅಚ್ಚುಕಟ್ಟಾಗಿ ಶುರುವಾದ ದಿನ ಕೆಡುವುದಾದರೂ ಹೇಗೆ ಎಂದುಕೊಂಡು ಕಾಫಿ ಕುಡಿದೆ.

ಅಂದು ಕೈಲ್‌ಪೊಳ್ದ್. ನಮ್ಮ ಯಜಮಾನರು ಪೊನ್ನಪ್ಪನವರು ಕೊಡಗಿನವರು. ಅವರಲ್ಲಿ ನಾಟಿ ಕೆಲಸ ಮುಗಿದ ಮೇಲೆ ಕೋವಿ ಕತ್ತಿಗಳಿಗೆ ಹೂವಿಟ್ಟು ಪೂಜಿಸಿ, ಹಂದಿ ಮಾಂಸದ ಸಾರು, ಅವರ ಮಾತಿನಲ್ಲಿ ಪಂದಿ ಕರಿ, ಉಣ್ಣುವ ಹಬ್ಬ ಇದು. ನೆದರ್ಲೆಂಡ್ಸಿನ ಫ್ಲ್ಯಾಟಿನಲ್ಲಿ ಕೋವಿ ಎಲ್ಲಿಂದ ತರುವುದು? ಕಳೆದ ವರ್ಷ ತರಕಾರಿ ಚಾಕುವನ್ನೂ ಲ್ಯಾಪ್‌ಟಾಪನ್ನೂ ಜೋಡಿಸಿಟ್ಟು ಆರತಿ ಎತ್ತಿದ್ದೆವು. ಯಜಮಾನರು ಅಂದು ಸರಿಯಾಗಿ ಊಟ ಮಾಡಲಿಲ್ಲ.

ಈ ಸಲ ಕೆಳಗಿನ ಮನೆಯ ಹೆಂಕ್ ದಯೆ ತೋರಿದ್ದರು. ನಿವೃತ್ತರಾದ ಹೆಂಕ್ ಬಳಿ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕಾಲದ ಕೋವಿ ಇದೆ. ವರ್ಷಕ್ಕೊಮ್ಮೆ ಅದನ್ನು ಫ್ರಾನ್ಸಿಗೆ ಒಯ್ದು ಗೆಳೆಯರ ಜೊತೆ ಕಾಡುಹಂದಿ ಬೇಟೆ ಆಡುತ್ತಾರೆ. ಬೇಸಿಗೆಯಿಡೀ ಅವರ ಮಾತೆಲ್ಲ ಆ ಒಂದು ಬೇಟೆಯದೇ. ಹೊರಡುವುದು ಅಂದು ಸಂಜೆಯೇ. ಕೋವಿಯನ್ನು ಪರರ ಕೈಗೆ ಕೊಡುವ ಹಾಗಿಲ್ಲವೆಂದು, ಅದರ ಗಜವನ್ನು ಮಾತ್ರ ಹಿಂದಿನ ದಿನವೇ ಪೂಜೆಗೆಂದು ಕೊಟ್ಟಿದ್ದರು. ಗಜವೆಂದರೆ ನಳಿಗೆಯೊಳಗೆ ಮದ್ದು ಗುಂಡುಗಳನ್ನು ಜಡಿಯುವ ಮರದ ಕೋಲು. ತುದಿಗೆ ಹಿತ್ತಾಳೆಯ ಟೋಪಿ.

"ಸುಮಿ, ನಾನು ಹೋಗಿ ಮಾಂಸ ತರ್ತೀನಿ. ಸೂಪರ್‌ಮಾರ್ಕೆಟ್ಟಿಂದು ಆಗಲ್ಲ, ಚರ್ಮ ಇರ್ಬೇಕು, ಕೊಬ್ಬಿರ್ಬೇಕು. ನೀನು ಗಜ ಪೂಜೆಗೆ ರೆಡಿ ಮಾಡಿಡು," ಎಂದರು ಯಜಮಾನರು.

"ರೆಡಿ ಅಂದ್ರೆ ಏನೇನು ಮಾಡ್ಬೇಕು ರೀ?"

"ಅದ್ರಲ್ಲೇನಿದೆ? ಎಲ್ಲಾ ಆಯುಧಕ್ಕೂ ಮಾಡೋ ಹಾಗೆ."

ಆ ಮಾತನ್ನು ಅವರು ಹೇಳಬಾರದಿತ್ತು. ನಾನು ಮೈಸೂರಿನವಳು. ಆಯುಧಪೂಜೆ ಎಂದರೆ ನಮ್ಮಲ್ಲಿ ಮೊದಲು ತೊಳೆಯುವುದು, ಆಮೇಲೆ ಪೂಜೆ. ಅಪ್ಪ ಸ್ಕೂಟರ್ ತೊಳೆದದ್ದು ಸಾಲದೆಂದು ಅದರ ಬೀಗದ ಕೈಗೂ ಹುಣಸೆಹಣ್ಣು ಉಜ್ಜಿಸುತ್ತಿದ್ದರು. ಸಾಲದ್ದಕ್ಕೆ, ಉಗುರಿನ ಸಂದಿ ನೋಡಿ ತರಗತಿಯೊಳಗೆ ಬಿಡುತ್ತಿದ್ದ ಕಾನ್ವೆಂಟ್ ಸಿಸ್ಟರ್‌ಗಳ ಶಿಷ್ಯೆ ನಾನು.

ಗಜವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಯ್ಯೋ! ಹಿತ್ತಾಳೆ ಹಸಿರುಗಟ್ಟಿತ್ತು. ಮೈಯೆಲ್ಲ ಸುಟ್ಟ ಬೆಂಕಿಕಡ್ಡಿಯ ವಾಸನೆ. ಒಂದು ತುದಿಯ ಹತ್ತಿರ ಯಾರೋ ಮಗು ಪೆನ್ನಿನಲ್ಲಿ ಗೀಚಿದಂತೆ ಸುತ್ತಲೂ ಎರಡು ಕಪ್ಪು ಗೆರೆ. ಪಾಪ, ಒಂಟಿ ಗಂಡಸು, ಇದನ್ನೆಲ್ಲ ಯಾರು ನೋಡಬೇಕು?

ಬಿಸಿನೀರಿನ ತೊಟ್ಟಿಯಲ್ಲಿ ನೆನೆಹಾಕಿದೆ. ಹಿತ್ತಾಳೆಗೆ ಹುಣಸೆಹಣ್ಣು, ಮರಕ್ಕೆ ಪಾತ್ರೆ ತಿಕ್ಕುವ ಸ್ಟೀಲ್ ನಾರು. ಆ ಎರಡು ಗೆರೆಗಳು ಸುಲಭಕ್ಕೆ ಜಗ್ಗಲಿಲ್ಲ. ನಾನೂ ಜಗ್ಗಲಿಲ್ಲ! ಕೊನೆಗೆ ಗಜ ಬಾಣಂತಿ ಕೋಣೆಯಿಂದ ಬಂದ ಕೂಸಿನಂತೆ ಬೆಳ್ಳಗಾಯಿತು. ಬೇಗ ಒಣಗಲೆಂದು ಹೀಟರಿನ ಮೇಲೆ ಮಲಗಿಸಿದೆ. ಆಮೇಲೆ ಕೊಬ್ಬರಿ ಎಣ್ಣೆ ಸವರಿ, ಗಂಧ, ಅರಿಶಿನ, ಕುಂಕುಮ ಹಚ್ಚಿ, ಸಾಂಬ್ರಾಣಿ ಹೊಗೆ ಹಿಡಿದೆ.

ಯಜಮಾನರು ಬಂದು ಕೈಮುಗಿದರು. ಆರತಿ ಆಯಿತು. ಕಣ್ಣು ತೆರೆದವರು ಮುಖ ಹತ್ತಿರ ತಂದರು.

"ಗೆರೆ ಎಲ್ಲಿ ಸುಮಿ?"

"ಹೋಗೇ ಹೋಯ್ತು ರೀ!" ಎಂದೆ ಹೆಮ್ಮೆಯಿಂದ.

ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ಆ ಗೆರೆಗಳೇ ಗಜದ ಜೀವವಂತೆ. ಖಾಲಿ ನಳಿಗೆಯಲ್ಲಿ ಗಜ ಒಂದು ಗೆರೆಯವರೆಗೆ ಇಳಿಯುತ್ತದೆ, ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಾಗ ಇನ್ನೊಂದರವರೆಗೆ. ಸರಿಯಾಗಿ ಕೂರದಿದ್ದರೆ ನಳಿಗೆಯೇ ಸಿಡಿಯಬಹುದಂತೆ.

"ನಿನ್ನೆ ಹೆಂಕ್ ಅಷ್ಟು ಬಿಡಿಸಿ ಹೇಳಿದ್ರಲ್ಲ!"

"ಆಗ ನಾನು ಒಳಗೆ ನಿಮ್ಮಿಬ್ಬರಿಗೇ ಕಾಫಿ ಮಾಡ್ತಿದ್ದೆ!"

ಗಜವನ್ನು ಎತ್ತಿ ಮೇಜಿನ ಮೇಲಿಟ್ಟರು. ಎರಡು ತುದಿ ಮೇಜಿಗೆ ತಾಗಿದವು, ನಡು ತಾಗಲಿಲ್ಲ. ಹೀಟರಿನ ಕಾವಿಗೆ ಗಜ ಬಿಲ್ಲಾಗಿತ್ತು. ಒಬ್ಬ ಮನುಷ್ಯ ವರ್ಷವಿಡೀ ಕಾದ ಬೇಟೆಯನ್ನು ನಾನು ಕಾಫಿಗೂ ತಿಂಡಿಗೂ ನಡುವೆ ಮುಗಿಸಿದ್ದೆ.

ನೇರ ಮಾಡಲೆಂದು ಅದನ್ನು ಸೋನಾ ಮಸೂರಿ ಅಕ್ಕಿ ಚೀಲದ ಕೆಳಗೆ ಇಟ್ಟೆವು. ಚೀಲದ ಮೇಲೆ ಗ್ರೈಂಡರು. ತೆಗೆದಾಗ ಹಳೇ ಡೊಂಕು ಹಾಗೇ ಇತ್ತು, ಪಕ್ಕಕ್ಕೆ ಹೊಸದೊಂದು ಬಂದಿತ್ತು. ಅಷ್ಟರಲ್ಲಿ ಫೋನು. ಹೆಂಕ್!

"ಸುಮಿ, ನಾನು ಶೂಟಿಂಗ್ ಕ್ಲಬ್ಬಿನಲ್ಲಿದ್ದೇನೆ. ಹೊರಡೋ ಮೊದಲು ಕೋವಿ ಪರೀಕ್ಷೆ ಮಾಡಬೇಕು. ಗಜ ತಂದುಕೊಡ್ತೀಯಾ?"

"ನೀವು ಹೋಗಿ ಬನ್ನಿ ರೀ," ಎಂದೆ ಯಜಮಾನರಿಗೆ.

"ಹೇಗೆ ಹೋಗ್ಲಿ? ಪಂದಿ ಕರಿ ಒಲೆ ಮೇಲಿದೆ. ತಳ ಹಿಡಿದ್ರೆ?"

"ನಿಮಗೆ ಪಂದಿ ಮುಖ್ಯನೋ ಹೆಂಡ್ತಿ ಮುಖ್ಯನೋ?"

ಅವರು ಯೋಚಿಸತೊಡಗಿದರು. ನಾನು ಚಪ್ಪಲಿ ಮೆಟ್ಟಿದೆ.

ಗಜವನ್ನು ಯೋಗದ ಚಾಪೆಯ ಚೀಲದಲ್ಲಿ ತುರುಕಿ ಬಸ್ಸು ಹತ್ತಿದೆ. ಹಿತ್ತಾಳೆ ತುದಿ ಕುಂಕುಮ, ಸೇವಂತಿಗೆಯ ಸಮೇತ ಹೊರಗಿಣುಕುತ್ತಿತ್ತು. ಪಕ್ಕದ ಅಜ್ಜಿ ಪ್ರೀತಿಯಿಂದ, "ಎಷ್ಟು ಚಂದ! ಕೊಳಲೇ?" ಎಂದು ಕೇಳಿದರು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಳ್ಳು ಹೇಳಬಾರದೆಂದು ಸಿಸ್ಟರ್‌ಗಳು ನಮಗೆ ಮೊಣಕಾಲೂರಿಸಿ ಕಲಿಸಿದ್ದರು.

"ಅಲ್ಲ ಮೇಡಂ," ಎಂದೆ ಸ್ಪಷ್ಟ ಇಂಗ್ಲಿಷಿನಲ್ಲಿ, "ಇದು ಕೋವಿಯ ಒಂದು ಭಾಗ ಮಾತ್ರ."

ಅಜ್ಜಿ ಎದ್ದು ಮುಂದಿನ ಸೀಟಿಗೆ ಹೋದರು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಬಸ್ಸು ನಿಲ್ಲಿಸಿದ. "ಇದರಲ್ಲಿ ಭಯ ಪಡೋದೇನೂ ಇಲ್ಲ, ಉಳಿದ ಭಾಗ ಕ್ಲಬ್ಬಿನಲ್ಲಿದೆ," ಎಂದು ಸಮಾಧಾನ ಹೇಳಿದೆ. ಅದರಿಂದ ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ಉಳಿದ ದಾರಿ ನಡೆದೇ ಹೋದೆ.

ಕ್ಲಬ್ಬಿನಲ್ಲಿ ಹೆಂಕ್ ಕೋವಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾನು ತಪ್ಪೊಪ್ಪಿಗೆಗೆ ಬಾಯಿ ತೆರೆಯುವಷ್ಟರಲ್ಲಿ ಗಜ ಅವರ ಕೈಯಲ್ಲಿತ್ತು. ಆತುರದಲ್ಲಿ ಹೂವು ಕಿತ್ತು, ಸರಿಯಾಗಿ ನೋಡದೆಯೇ ತುದಿಗೆ ಬಿಳಿ ಬಟ್ಟೆ ಚೂರು ಸುತ್ತಿ, "ಖಾಲಿ ಇದೆ, ನೀನೂ ಒಮ್ಮೆ ತಳ್ಳಿ ನೋಡು," ಎಂದರು. ನಾನು ಒನಕೆ ಹಿಡಿದಂತೆ ಮೇಲುತುದಿಯನ್ನು ಹಿಡಿದು ಒಂದೇ ಏಟಿಗೆ ಜಡಿಯಹೊರಟೆ.

"ಬೇಡ ಬೇಡ! ನಳಿಗೆ ಬಾಯಿಯ ಹತ್ತಿರ ಹಿಡಿ, ಸ್ವಲ್ಪ ಸ್ವಲ್ಪವೇ ತಳ್ಳು. ಹಾಗೆ ಹಿಡಿದರೆ ಗಜ ಮುರಿದು ಅಂಗೈಯೊಳಗೆ ತೂರುತ್ತೆ!"

ಸ್ವಲ್ಪ ಸ್ವಲ್ಪವೇ ತಳ್ಳಿದೆ. ಅವರು ಗಜವನ್ನು ಮೇಲೆಳೆದರು. ಬಿಳಿ ಬಟ್ಟೆ ಕೆಂಪಾಗಿತ್ತು.

ಹೆಂಕ್ ಮುಖ ಬಿಳುಚಿತು. "ತುಕ್ಕು," ಎಂದರು ಸಣ್ಣ ದನಿಯಲ್ಲಿ. "ಬೇಸಿಗೆಯೆಲ್ಲ ಎಣ್ಣೆ ಹಾಕಿದ್ದೆನಲ್ಲ!" ಕ್ಲಬ್ಬಿನವರೆಲ್ಲ ಸಾವಿನ ಮನೆಗೆ ಬಂದವರಂತೆ ಸುತ್ತ ನಿಂತರು. ಒಬ್ಬರು ಅವರ ಭುಜ ತಟ್ಟಿದರು.

"ತುಕ್ಕಲ್ಲ," ಎಂದೆ. "ಕುಂಕುಮ."

"ಹಾಗಂದರೆ?"

ನನ್ನ ಹಣೆ ತೋರಿಸಿದೆ. ಎಲ್ಲರೂ ಬಗ್ಗಿ ಹಣೆ ನೋಡಿದರು, ಬಟ್ಟೆ ನೋಡಿದರು, ಮತ್ತೆ ಹಣೆ ನೋಡಿದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ತೊಟ್ಟಿ, ಹುಣಸೆಹಣ್ಣು, ಸ್ಟೀಲ್ ನಾರು, ಹೀಟರು, ಗ್ರೈಂಡರು ಎಲ್ಲವನ್ನೂ ಒಪ್ಪಿಸಿದೆ. ಕಣ್ಣಲ್ಲಿ ನೀರು ಬಂತು.

ಹೆಂಕ್ "ಓ," ಎಂದರು. ನಳಿಗೆ ಒರೆಸಿದರು. ಗಜವನ್ನು ಮೊಣಕಾಲಿಗೆ ಒತ್ತಿ ತಿರುಗಿಸಿ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಖಾಲಿ ನಳಿಗೆಗೆ ಇಳಿಸಿ ಪೆನ್ನಿನಲ್ಲಿ ಒಂದು ಗೆರೆ ಎಳೆದರು. ಮದ್ದು, ಬಟ್ಟೆ, ಗುಂಡು ತುಂಬಿ ಇನ್ನೊಂದು ಗೆರೆ ಎಳೆದರು. ಢಂ! ಗುಂಡು ಗುರಿಯ ಹಲಗೆಗೆ ಬಿತ್ತು. ಅಷ್ಟೇ. ನಾನು ಬೆಳಗಿನಿಂದ ಹೊತ್ತು ತಿರುಗಿದ ಮಹಾಪಾಪ ಒಂದು ಪೆನ್ನಿಗೆ ಮುಗಿಯಿತು. ಬೇಟೆ ಉಳಿಯಿತೆಂದು ಮನೆಯವರೆಗೂ ಹಗುರಾಗಿ ನಡೆದೆ. ಬಸ್ಸಿನ ಗೊಡವೆಗೆ ಮಾತ್ರ ಹೋಗಲಿಲ್ಲ.

ಸಂಜೆ ಹೆಂಕ್ ಹೇಳಿ ಹೋಗಲು ಮೇಲೆ ಬಂದರು. ಕೈಯಲ್ಲಿ ಕಾರಿನ ಕೀ. ಅಡುಗೆಮನೆಯಿಂದ ಬರುತ್ತಿದ್ದ ಪಂದಿ ಕರಿಯ ಘಮಕ್ಕೆ ಬಾಗಿಲಲ್ಲೇ ನಿಂತರು.

"ಎಲ್ಲಾ ಸರಿಯಾಗಿದೆಯಲ್ಲ?" ಎಂದೆ ನಾನು, ಆಗಲೇ ಅರ್ಧ ಬೀಗುತ್ತಾ.

"ಗಜ ಬಹಳ ಚೆನ್ನಾಗಿದೆ," ಎಂದರು ಶೂ ಲೇಸು ಕಟ್ಟಿಕೊಳ್ಳುತ್ತಾ. "ಕಾರಿನ ತುಂಬ ನಿಮ್ಮ ಸಾಂಬ್ರಾಣಿ ಘಮಘಮ ಅಂತಿದೆ. ಕಾಡುಹಂದಿಗೆ ಕಣ್ಣು ಮಂದ ಸುಮಿ, ಆದರೆ ಮೂಗು ಬಹಳ ಚುರುಕು. ಆ ಸಾರು ನನಗೊಂದು ಡಬ್ಬಿ ಎತ್ತಿಡು. ಈ ವರ್ಷ ನನಗೆ ಸಿಗೋ ಹಂದಿ ಅದೊಂದೇ."